ಬ್ಯಾಟರಿ ಇಲ್ಲದ ಔಷಧ ಯಂತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯ ನವನಗರದಲ್ಲಿ ಔಷಧ ಅಂಗಡಿ ನಡೆಸುವವಳು. ವಾರಕ್ಕೆ ಎರಡು ದಿನ ಫಾರ್ಮಸಿ ಓದುವ ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಕೌಂಟರಿನ ಮುಂದೆ ನಿಂತು ಕೇಳುವವರು, ಹಳ್ಳಿಯಿಂದ ಫೋನ್ ಮಾಡುವವರು, ಪಾಠ ಮುಗಿದ ಮೇಲೆ ಚೀಟಿ ಬರೆದು ಕೊಡುವ ಹುಡುಗರು ಎಲ್ಲರೂ ತಿರುಗಿ ತಿರುಗಿ ಒಂದೇ ವಿಷಯಕ್ಕೆ ಬರುತ್ತಾರೆ. ಕರೆಂಟಿಲ್ಲ, ಎಲೆಕ್ಟ್ರಾನಿಕ್ ಚಿಪ್ ಇಲ್ಲ, ಆದರೂ ಔಷಧ ಹೊತ್ತಿಗೆ ಸರಿಯಾಗಿ, ಜಾಗಕ್ಕೆ ಸರಿಯಾಗಿ ಹೊರಗೆ ಬರುವುದು ಹೇಗೆ? ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸರಳವಾದವು ಮೊದಲು, ಓದುವ ಮಕ್ಕಳಿಗೆ ಬೇಕಾದವು ಕೊನೆಗೆ.

## ಮೊದಲಿಗೆ

ಬ್ಯಾಟರಿನ ಇಲ್ಲಂದ್ರ ಅದನ್ನ ಯಂತ್ರ ಅಂತ ಹೆಂಗ ಕರೀತೀರಿ?

ಆಲಮಟ್ಟಿ ಅಣೆಕಟ್ಟಿಗೆ 26 ಗೇಟುಗಳಿವೆ. ನೀರಿನ ಮಟ್ಟ ಅಳೆಯುವವರು ಬೇರೆ, ಎಷ್ಟು ಬಿಡಬೇಕೆಂದು ತೀರ್ಮಾನಿಸುವವರು ಬೇರೆ, ಗೇಟು ಎತ್ತುವ ಮೋಟಾರು ಬೇರೆ. ಊರ ಕೆರೆಗೆ ಇರುವುದು ಒಂದು ಕೋಡಿ ಮಾತ್ರ. ನೀರು ಆ ಎತ್ತರಕ್ಕೆ ಬಂದರೆ ತಾನೇ ಹರಿಯುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ಅಳತೆ, ತೀರ್ಮಾನ, ಕೆಲಸ ಮೂರೂ ಕೋಡಿಯ ಕಲ್ಲನ್ನು ಎಷ್ಟು ಎತ್ತರಕ್ಕೆ ಕಟ್ಟಿದ್ದಾರೆ ಎಂಬುದರಲ್ಲೇ ಅಡಗಿವೆ.

ಸೊಂಟಕ್ಕೆ ಕಟ್ಟುವ ಎಲೆಕ್ಟ್ರಾನಿಕ್ ಇನ್ಸುಲಿನ್ ಪಂಪು ಅಣೆಕಟ್ಟಿನ ಗೇಟಿನಂತೆ. ಇಲ್ಲಿ ಹೇಳುತ್ತಿರುವ ಸಾಧನಗಳು ಕೋಡಿಯಂತೆ. ನೀರು, ಹುಳಿ, ಬಿಸಿ, ಸಕ್ಕರೆ ಇಂಥದ್ದೇನಾದರೂ ತಾಗಿದಾಗ ಊದುವ, ಮುದುಡುವ, ಕರಗುವ ಅಥವಾ ಆಕಾರ ಬದಲಿಸುವ ವಸ್ತುವಿನಿಂದ ಅವನ್ನು ಮಾಡಿರುತ್ತಾರೆ. ಇವನ್ನು ಸ್ಪಂದಿಸುವ ವಸ್ತುಗಳು ಎನ್ನುತ್ತಾರೆ. ವಸ್ತುವೇ ಕಣ್ಣು, ವಸ್ತುವೇ ಕೈ.

ಹಂಗಾದ್ರ ಶಕ್ತಿ ಎಲ್ಲಿಂದ ಬರತೈತ್ರಿ?

ಬಹಳ ಸಲ ನಮ್ಮ ಮೈಯೊಳಗಿನ ನೀರಿನಿಂದ. ಟಿಕೋಟಾದ ಒಣದ್ರಾಕ್ಷಿಯನ್ನು ರಾತ್ರಿ ನೀರಿಗೆ ಹಾಕಿಟ್ಟರೆ ಬೆಳಗಿಗೆ ಉಬ್ಬಿ ಸಿಪ್ಪೆ ಬಿಗಿಯಾಗಿರುತ್ತದೆ. ಒಳಗಿನ ಸಕ್ಕರೆ ನೀರನ್ನು ಎಳೆದುಕೊಂಡಿತು, ಸಿಪ್ಪೆ ನೀರನ್ನು ಒಳಗೆ ಬಿಟ್ಟಿತು, ಸಕ್ಕರೆಯನ್ನು ಅಷ್ಟು ಸುಲಭವಾಗಿ ಹೊರಗೆ ಬಿಡಲಿಲ್ಲ. ಇದೇ ಆಸ್ಮಾಸಿಸ್. ಫ್ರಾನ್ಸಿನ ನೊಲೆ ಎಂಬ ಪಾದ್ರಿ 1748ರಲ್ಲೇ ಹಂದಿಯ ಮೂತ್ರಕೋಶದ ಪೊರೆಯಿಂದ ಇದನ್ನು ತೋರಿಸಿದ್ದ. ಈ ಎಳೆತ ಸಣ್ಣದಲ್ಲ. ಪೂರ್ತಿ ಗಟ್ಟಿಯಾದ ಉಪ್ಪುನೀರು ಹುಟ್ಟಿಸಬಲ್ಲ ಒತ್ತಡ ವಾತಾವರಣದ ಒತ್ತಡದ 350 ಪಟ್ಟು ಹತ್ತಿರ. ಲಾರಿ ಟೈರಿನಲ್ಲಿ ಇರುವುದು ಎಂಟು ಪಟ್ಟಿನ ಆಸುಪಾಸು.

ಊದುವ ಜೆಲ್‌ಗಳ ಶಕ್ತಿಯೂ ನೀರಿನದೇ. ಎರಿ ಹೊಲ ಇದ್ದವರಿಗೆ ಇದನ್ನು ವಿವರಿಸುವುದೇ ಬೇಡ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟ ನೆಲ, ಎರಡು ಮಳೆ ಬಿದ್ದರೆ ಊದಿ ಕೂಡಿಕೊಳ್ಳುತ್ತದೆ. ಆ ಊತಕ್ಕೆ ಮನೆಯ ಗೋಡೆ ಸೀಳಿದ್ದನ್ನೂ ನೋಡಿದ್ದೇವೆ. ಕೆಲವು ಸಾಧನಗಳಲ್ಲಿ ಮಾತ್ರ ಶಕ್ತಿಯನ್ನು ಮೊದಲೇ ತುಂಬಿಟ್ಟಿರುತ್ತಾರೆ, ಒತ್ತಿಟ್ಟ ಸ್ಪ್ರಿಂಗಿನಲ್ಲೋ ಹಿಗ್ಗಿಸಿದ ರಬ್ಬರಿನಲ್ಲೋ.

ಗುಳಗಿ ಕರಗಲಾರ್ದ ಹಂಗ ಸಂಡಾಸಿನ್ಯಾಗ ಬಂದೈತ್ರಿ. ದುಡ್ಡು ದಂಡ ಆತೇನು?

ಇಲ್ಲ. ನಿಧಾನವಾಗಿ ಔಷಧ ಬಿಡುವ ಗುಳಿಗೆಯಾದರೆ ಬಂದದ್ದು ಖಾಲಿ ಚಿಪ್ಪು. ಶೇಂಗಾ ತಿಂದು ಸಿಪ್ಪೆ ಬಿಟ್ಟ ಹಾಗೆ, ಔಷಧ ದೇಹಕ್ಕೆ ಸೇರಿ ಹೊದಿಕೆ ಮಾತ್ರ ಉಳಿದಿದೆ. ಕೆಲವು ಬಿಪಿ ಗುಳಿಗೆಗಳಲ್ಲಿ ಇದು ಗಟ್ಟಿ ಚಿಪ್ಪಾಗಿಯೇ ಕಾಣುತ್ತದೆ. ಶುಗರಿನ ಮೆಟ್‌ಫಾರ್ಮಿನ್ ಎಸ್‌ಆರ್ ತಗೊಳ್ಳುವವರಿಗೆ ಮೆತ್ತಗಿನ ಮುದ್ದೆಯಂತೆ ಕಾಣಬಹುದು. ಕಂಡ ದಿನ ಇನ್ನೊಂದು ಗುಳಿಗೆ ನುಂಗಬೇಡಿ. ಅದು ಎರಡು ಡೋಸ್ ಆಗುತ್ತದೆ.

ನಮ್ಮವ್ವಗ ನುಂಗಾಕ ಆಗಂಗಿಲ್ಲ ಅಕ್ಕಾರ. ಕುಟ್ಟಿ ಬೆಲ್ಲದಾಗ ಕಲಿಸಿ ಕೊಡ್ಲೇನು?

ಚೀಟಿ ತೋರಿಸದೆ ಹಾಗೆ ಮಾಡಬೇಡಿ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಗುಳೇದಗುಡ್ಡದ ನಮ್ಮ ಮಾವನವರು ನೆನಪಾಗುತ್ತಾರೆ. ಅವರಿಗೆ ಬಿಪಿಗೆ ದಿನಕ್ಕೊಂದು ನುಂಗುವ ನಿಫೆಡಿಪಿನ್ ಗುಳಿಗೆ ಬರೆದುಕೊಟ್ಟಿದ್ದರು. ಗಂಟಲಿಗೆ ಸಿಕ್ಕುತ್ತದೆ ಎಂದು ಅತ್ತೆಯವರು ಅದನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ ಕೊಟ್ಟರು. 24 ತಾಸಿನಲ್ಲಿ ತುಸು ತುಸುವೇ ಬರಬೇಕಾದ ಔಷಧ ಒಂದೇ ಸಲ ರಕ್ತಕ್ಕೆ ಬಂತು. ಬಿಪಿ ಇಳಿದು ಮಗ್ಗದ ಕುಣಿಯ ಹತ್ತಿರ ಕುಸಿದು ಬಿದ್ದರು. ಹಣೆಗೆ ಆರು ಹೊಲಿಗೆ ಬಿತ್ತು. ಗುಳಿಗೆ ಕೊಟ್ಟವರು ಯಾರೂ ಕುಟ್ಟಬಾರದೆಂದು ಹೇಳಿರಲಿಲ್ಲ. ಅಂದಿನಿಂದ ನನ್ನ ಅಂಗಡಿಯಲ್ಲಿ ಅಂಥ ಪಟ್ಟಿಯ ಮೇಲೆ ಕೆಂಪು ಪೆನ್ನಿನಿಂದ "ಕುಟ್ಟಬಾರದು, ಅಗಿಯಬಾರದು" ಎಂದು ಬರೆದೇ ಕೊಡುತ್ತೇನೆ.

ಗುಳಿಗೆಯ ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಎಂದಿದ್ದರೆ ಅದು ನಿಧಾನವಾಗಿ ಔಷಧ ಬಿಡುವ ಗುಳಿಗೆ, ಕೇಳದೆ ಮುರಿಯಬೇಡಿ. ಕೆಲವಕ್ಕೆ ನಡುವೆ ಗೆರೆ ಇರುತ್ತದೆ, ಅಲ್ಲಿ ಎರಡು ಮಾಡಲು ಒಪ್ಪಿಗೆ ಇರಬಹುದು, ಆದರೂ ಪುಡಿ ಮಾಡುವಂತಿಲ್ಲ. ನುಂಗಲು ಆಗದಿದ್ದರೆ ಡಾಕ್ಟರಿಗೆ ಹೇಳಿ. ಅದೇ ಔಷಧ ಬೇರೆ ರೂಪದಲ್ಲಿ ಸಿಗಬಹುದು, ಇಲ್ಲವೇ ಬೇರೆ ಔಷಧಕ್ಕೆ ಬದಲಿಸುತ್ತಾರೆ.

ಸೆರೆ ಕುಡಿದ್ರ ಗುಳಗಿಗೆ ಏನಾಕೈತಿ?

ಕೆಲವು ಹೊದಿಕೆಗಳು ನೀರಿಗೆ ಜಗ್ಗದಿದ್ದರೂ ಆಲ್ಕೋಹಾಲಿಗೆ ಕರಗುತ್ತವೆ. ಅಮೆರಿಕದಲ್ಲಿ ಹೈಡ್ರೋಮಾರ್ಫೋನ್ ಎಂಬ ಬಲವಾದ ನೋವಿನ ಔಷಧದ ನಿಧಾನ ಕ್ಯಾಪ್ಸೂಲನ್ನು 2005ರಲ್ಲಿ ಇದೇ ಕಾರಣಕ್ಕೆ ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡರು. ಕುಡಿದವರ ಹೊಟ್ಟೆಯಲ್ಲಿ ದಿನದ ಔಷಧವೆಲ್ಲ ಒಮ್ಮೆಗೇ ಬಿಡುಗಡೆಯಾಗುವ ಅಪಾಯವಿತ್ತು.

## ಒಳಗೆ ನಡೆಯುವುದು

ಗುಳಗಿಗೆ ಕಣ್ಣಿಗೆ ಕಾಣಲಾರದ ತೂತು ಇರತೈತಿ ಅಂತೀರಿ. ಅದರೊಳಗ ಏನೈತಿ?

ಇದು ನನಗೆ ಬಹಳ ಇಷ್ಟದ ವಿಷಯ, ತುಸು ಉದ್ದವಾಗಿ ಹೇಳುತ್ತೇನೆ.

ಇದರ ಮೂಲ ಕುರಿಯ ಹೊಟ್ಟೆಯಲ್ಲಿದೆ. 1955ರಲ್ಲಿ ಆಸ್ಟ್ರೇಲಿಯಾದ ರೋಸ್ ಮತ್ತು ನೆಲ್ಸನ್, ಕುರಿ ದನಗಳ ಹೊಟ್ಟೆಗೆ ಸತತವಾಗಿ ಔಷಧ ಬಿಡಲು ಮೂರು ಕೋಣೆಯ ಒಂದು ಪಂಪು ಮಾಡಿದರು. ಒಂದರಲ್ಲಿ ನೀರು, ಒಂದರಲ್ಲಿ ಉಪ್ಪು, ಒಂದರಲ್ಲಿ ಔಷಧ. ಉಪ್ಪು ನೀರನ್ನು ಎಳೆದು ಹಿಗ್ಗುತ್ತಿತ್ತು, ಹಿಗ್ಗಿ ಔಷಧವನ್ನು ದೂಡುತ್ತಿತ್ತು. ಅಮೆರಿಕದ ಆಲ್ಜಾ ಕಂಪನಿಯ ಫೆಲಿಕ್ಸ್ ಥ್ಯೂವೆಸ್ 1975ರಲ್ಲಿ ಇದನ್ನೆಲ್ಲ ಒಂದು ಗುಳಿಗೆಯ ಗಾತ್ರಕ್ಕೆ ಇಳಿಸಿದರು. ನೀರಿನ ಕೋಣೆಯನ್ನೇ ತೆಗೆದುಬಿಟ್ಟರು, ಕರುಳಿನಲ್ಲಿ ನೀರು ಇದ್ದೇ ಇದೆಯಲ್ಲ.

ನಿಫೆಡಿಪಿನ್ ಗುಳಿಗೆಯನ್ನು ಅಡ್ಡಕ್ಕೆ ಸೀಳಿದರೆ ಎರಡು ಪದರ ಕಾಣುತ್ತವೆ. ಮೇಲೆ ಔಷಧ, ಕೆಳಗೆ ನೀರು ಕುಡಿದು ಊದುವ ಪಾಲಿಮರ್, ಅಂದರೆ ಉದ್ದ ಎಳೆಯಂಥ ಅಣುಗಳ ವಸ್ತು. ಸುತ್ತ ಸೆಲ್ಯುಲೋಸ್ ಅಸಿಟೇಟಿನ ಹೊದಿಕೆ ನೀರನ್ನು ಒಳಗೆ ಬಿಡುತ್ತದೆ, ಔಷಧವನ್ನು ಹೊರಗೆ ಬಿಡುವುದಿಲ್ಲ. ಔಷಧದ ಬದಿಗೆ ಲೇಸರ್‌ನಿಂದ ಕೊರೆದ ಒಂದು ತೂತು. ಕೆಳಗಿನ ಪದರ ಊದುತ್ತ ಮೇಲಿನ ಔಷಧವನ್ನು ಶಾವಿಗೆ ಒತ್ತಿನಲ್ಲಿ ಹಿಟ್ಟು ಒತ್ತಿದ ಹಾಗೆ ತೂತಿನಿಂದ ಹೊರಗೆ ದೂಡುತ್ತದೆ. ಹೊಟ್ಟೆಯಲ್ಲಿ ಹುಳಿ ಎಷ್ಟಿದೆ, ಕರುಳು ಎಷ್ಟು ಜೋರಾಗಿ ಅಲುಗುತ್ತಿದೆ ಎಂಬುದರ ಪ್ರಭಾವ ಇದರ ಮೇಲೆ ಕಡಿಮೆ. ನೀರು ಒಳಗೆ ಬರುವ ವೇಗವನ್ನು ಹೊದಿಕೆಯ ದಪ್ಪ ನಿರ್ಧರಿಸುತ್ತದೆ, ಆ ದಪ್ಪ ಕಾರ್ಖಾನೆಯಲ್ಲೇ ಗೊತ್ತಾಗಿರುತ್ತದೆ. ಬೆಳಗ್ಗೆ ಎಂಟಕ್ಕೆ ಬಂದಷ್ಟೇ ಔಷಧ ಸಂಜೆ ಆರಕ್ಕೂ ಬರುವುದು ಹೀಗೆ.

ಇದರಿಂದ ಕೇಡು ಆಗಿಯೇ ಇಲ್ಲ ಎನ್ನಲಾರೆ. ಇಂಡೊಮೆಥಾಸಿನ್ ಎಂಬ ನೋವಿನ ಔಷಧವನ್ನು ಇದೇ ಬಗೆಯ ಗುಳಿಗೆಯಲ್ಲಿಟ್ಟು ಆಸ್ಮೋಸಿನ್ ಹೆಸರಲ್ಲಿ ಮಾರಿದರು. ಕೆಲವರ ಕರುಳಿಗೆ ತೂತು ಬಿದ್ದು 1983ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಉರಿ ಹುಟ್ಟಿಸುವ ಔಷಧ ಒಂದು ಸಣ್ಣ ತೂತಿನಿಂದ ಕರುಳಿನ ಒಂದೇ ಜಾಗಕ್ಕೆ ಗಟ್ಟಿಯಾಗಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದನ್ನು ಪಾಠದಲ್ಲಿ ಇಂದಿಗೂ ಹೇಳುತ್ತೇನೆ. ಕರುಳು ಕಿರಿದಾಗಿರುವವರಿಗೆ ಈ ಗಟ್ಟಿ ಚಿಪ್ಪಿನ ಗುಳಿಗೆ ಕೊಡುವಾಗ ಎಚ್ಚರ ವಹಿಸುವುದು ಬೇರೆ ಕಾರಣಕ್ಕೆ: ಚಿಪ್ಪು ಕುಗ್ಗುವುದಿಲ್ಲ, ಸಿಕ್ಕಿಬೀಳಬಹುದು.

ಆ್ಯಸಿಡಿಟಿ ಗುಳಗಿ ಹೊಟ್ಟ್ಯಾಗ ಕರಗಂಗಿಲ್ಲ, ಕರುಳಿನ್ಯಾಗ ಕರಗತೈತಿ ಅಂತಾರ. ಅದಕ್ಕ ಜಾಗ ಹೆಂಗ ಗೊತ್ತಾಕೈತಿ?

ಹಾಲಿಗೆ ಲಿಂಬಿಹುಳಿ ಹಿಂಡಿದರೆ ಒಡೆದು ಗಟ್ಟಿಯಾಗುತ್ತದೆ, ಹುಳಿ ಇಲ್ಲದಿದ್ದರೆ ಅದೇ ಪ್ರೋಟೀನು ನೀರಿನಲ್ಲಿ ತೇಲಾಡಿಕೊಂಡಿರುತ್ತದೆ. ಪ್ಯಾಂಟೊಪ್ರಜೋಲ್ ಗುಳಿಗೆಯ ಮೇಲಿನ ಹೊದಿಕೆಯೂ ಹಾಗೆಯೇ. ಹುಳಿಯನ್ನು ಪಿಎಚ್ ಎಂಬ ಅಂಕಿಯಿಂದ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಖಾಲಿ ಜಠರದ ಪಿಎಚ್ 1ರಿಂದ 3, ಸಣ್ಣಕರುಳಿಗೆ ಬಂದರೆ 6ರ ಮೇಲೆ. ಹುಳಿಯಲ್ಲಿ ಹೊದಿಕೆಯ ಪಾಲಿಮರ್ ಎಳೆಗಳು ಒಂದಕ್ಕೊಂದು ಅಂಟಿ ಬಿಗಿಯಾಗಿರುತ್ತವೆ. ಹುಳಿ ಕಳೆದ ಕೂಡಲೇ ಎಳೆಗಳ ಮೇಲೆ ಋಣ ವಿದ್ಯುದಾವೇಶ ಬಂದು ಒಂದನ್ನೊಂದು ದೂಡುತ್ತವೆ, ನಡುವೆ ನೀರು ನುಗ್ಗಿ ಕರಗುತ್ತವೆ. ಪಿಎಚ್ 6ಕ್ಕೆ ಕರಗುವ ಪಾಲಿಮರ್ ಒಂದು, 7ಕ್ಕೆ ಕರಗುವುದು ಇನ್ನೊಂದು. ದೊಡ್ಡಕರುಳಿನ ಹುಣ್ಣಿಗೆ ಕೊಡುವ ಮೆಸಲಮೈನ್ ಗುಳಿಗೆಗೆ ಎರಡನೆಯದನ್ನು ಹಚ್ಚುತ್ತಾರೆ.

ದೊಡ್ಡಕರುಳನ್ನು ಗುರುತಿಸಲು ಇನ್ನೊಂದು ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಚವಳಿಕಾಯಿ ಬೀಜದ ಗೋಂದನ್ನು ನಮ್ಮ ಜಠರ ಅರಗಿಸುವುದಿಲ್ಲ, ಆದರೆ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅರಗಿಸುತ್ತವೆ. ಹೀಗಾಗಿ ಆ ಗೋಂದಿನೊಳಗೆ ಕೂತ ಔಷಧ ಅಲ್ಲಿಯವರೆಗೂ ಕಾಯುತ್ತದೆ. ಈ ಬಗ್ಗೆ ಭಾರತದ ಫಾರ್ಮಸಿ ಕಾಲೇಜುಗಳಲ್ಲಿ ಬಹಳ ಕೆಲಸ ನಡೆದಿದೆ.

ಕಣ್ಣಿಗೆ ಹಾಕೂ ಹನಿ ಕಣ್ಣಾಗ ಹೋಗಿ ಗಟ್ಟಿ ಆಕೈತಿ ಅಂತ ಡಾಕ್ಟರು ಅಂದ್ರು. ಖರೇನಾ?

ಖರೆ. ಕಣ್ಣಿನ ಒತ್ತಡದ ರೋಗವಾದ ಗ್ಲಾಕೋಮಾದ ಟಿಮೊಲಾಲ್ ಹನಿಯಲ್ಲಿ ಕೆಲವಕ್ಕೆ ಜೆಲ್ಲಾನ್ ಗೋಂದು ಸೇರಿಸಿರುತ್ತಾರೆ. ಕಣ್ಣೀರಿನ ಲವಣ ತಾಗಿದರೆ ಅದು ತೆಳು ಜೆಲ್ ಆಗುತ್ತದೆ, ಔಷಧ ಬೇಗ ಹರಿದುಹೋಗುವುದಿಲ್ಲ. ದಿನಕ್ಕೆ ಎರಡು ಸಲ ಹಾಕುವುದು ಒಂದಕ್ಕೆ ಇಳಿಯುತ್ತದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜು ಕಾಣುವುದು ಸಹಜ.

ಮಾತ್ರೆಯೊಳಗೆ ಸೂಜಿ ಇಟ್ಟಿದ್ದಾರೆ ಅಂತ ಓದಿದೆ. ನುಂಗಿದರೆ ಚುಚ್ಚುವುದಿಲ್ಲವೇ?

ಚುಚ್ಚುತ್ತದೆ, ಅದಕ್ಕೇ ಇಟ್ಟಿದ್ದಾರೆ. ಇನ್ಸುಲಿನ್ ಬಾಯಿಂದ ಕೊಟ್ಟರೆ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಸಾಮಾನ್ಯವಾಗಿ ಸೂಜಿಯಿಂದ ಕೊಡುತ್ತಾರೆ. ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಲ್ಯಾಂಗರ್, ಜಿಯೊವಾನಿ ಟ್ರಾವರ್ಸೊ ಅವರ ಗುಂಪು 2019ರಲ್ಲಿ ಬಟಾಣಿ ಗಾತ್ರದ ಒಂದು ಸಾಧನ ತೋರಿಸಿತು. ಬೆನ್ನ ಮೇಲೆ ಬಿದ್ದರೂ ತಾನೇ ಮಗುಚಿ ಏಳುವ ಆಫ್ರಿಕದ ಚಿರತೆ ಆಮೆಯ ಚಿಪ್ಪಿನ ಆಕಾರ ಅದಕ್ಕೆ. ಹೊಟ್ಟೆಯಲ್ಲಿ ಹೇಗೆ ಬಿದ್ದರೂ ಬುಡ ಜಠರದ ಗೋಡೆಗೆ ಒರಗುತ್ತದೆ. ಒಳಗೆ ಒತ್ತಿಟ್ಟ ಉಕ್ಕಿನ ಸ್ಪ್ರಿಂಗು, ಅದನ್ನು ತಡೆದು ಹಿಡಿದ ಸಕ್ಕರೆಯ ಬಿಲ್ಲೆ. ಸಕ್ಕರೆ ನೆನೆದು ಮುರಿದಾಗ ಸ್ಪ್ರಿಂಗು ಬಿಚ್ಚಿ, ಇನ್ಸುಲಿನ್ನನ್ನೇ ಒತ್ತಿ ಮಾಡಿದ ಸೂಜಿ ಗೋಡೆಗೆ ನಾಟುತ್ತದೆ. ಜಠರದ ಒಳಪದರಕ್ಕೆ ಇಂಥ ಚುಚ್ಚಿನ ನೋವು ತಿಳಿಯುವುದಿಲ್ಲ. ಪರೀಕ್ಷೆ ನಡೆದದ್ದು ಹಂದಿಗಳಲ್ಲಿ. ಇಡೀ ಯಂತ್ರಕ್ಕೆ ಗಡಿಯಾರ ಒಂದು ಚೂರು ಸಕ್ಕರೆ ಎನ್ನುವುದು ನನ್ನ ಮನಸ್ಸಿಂದ ಹೋಗುವುದೇ ಇಲ್ಲ.

ಇನ್ನೊಂದು ಕಂಪನಿಯ ಕ್ಯಾಪ್ಸೂಲು ಸಣ್ಣಕರುಳಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಸಿಟ್ರಿಕ್ ಆಮ್ಲ ಮತ್ತು ಬೈಕಾರ್ಬೊನೇಟು ಕೂಡಿ ಗ್ಯಾಸು ಹುಟ್ಟುತ್ತದೆ, ಸಣ್ಣ ಬಲೂನು ಉಬ್ಬಿ ಸೂಜಿಯನ್ನು ದೂಡುತ್ತದೆ. ಸೋಡಾಕ್ಕೆ ಲಿಂಬು ಹಿಂಡಿದಾಗ ಬುರುಗು ಬರುವ ಅದೇ ರಸಾಯನ. ಇದನ್ನು ಮನುಷ್ಯರಲ್ಲೂ ಪರೀಕ್ಷಿಸಿದ್ದಾರೆ.

ಒಂದು ಗುಳಗಿ ನುಂಗಿದ್ರ ವಾರಗಟ್ಟಲೆ ಕೆಲಸ ಮಾಡೂದು ಬಂದೈತಂತ?

ಸಂಶೋಧನೆಯಲ್ಲಿ ಬಂದಿದೆ. ಆರು ಕೈಯ ನಕ್ಷತ್ರವನ್ನು ಮಡಚಿ ಕ್ಯಾಪ್ಸೂಲಿನಲ್ಲಿ ಇಡುತ್ತಾರೆ. ಹೊಟ್ಟೆಯಲ್ಲಿ ಕ್ಯಾಪ್ಸೂಲು ಕರಗಿದಾಗ ಅದು ಬಿಚ್ಚಿಕೊಂಡು, ಕೆಳಗಿನ ಬಾಗಿಲಲ್ಲಿ ತೂರಲಾರದೆ ಅಲ್ಲೇ ಉಳಿಯುತ್ತದೆ. ಕೈಗಳ ಕೀಲು ಕರಗಿದ ಮೇಲೆ ಚೂರಾಗಿ ಹೊರಗೆ ಹೋಗುತ್ತದೆ. 2016ರಲ್ಲಿ ಹುಳಗಳ ಔಷಧವಾದ ಐವರ್‌ಮೆಕ್ಟಿನ್ ತುಂಬಿ ಹಂದಿಗಳಲ್ಲಿ ಎರಡು ವಾರದವರೆಗೆ ನಡೆಸಿ ತೋರಿಸಿದರು.

## ಶುಗರು, ಬಿಸಿಲು, ಮನೆಯಲ್ಲಿ ಚಿಕಿತ್ಸೆ

ಸಕ್ಕರೆ ಏರಿದಾಗ ತಾನೇ ಇನ್ಸುಲಿನ್ ಬಿಡೋ ಪಟ್ಟಿ ಬೆಳಗಾವಿಯಲ್ಲಿ ಎಲ್ಲಿ ಸಿಗುತ್ತೆ?

ಬೆಳಗಾವಿಯಲ್ಲಲ್ಲ, ಜಗತ್ತಿನ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಯಾರಾದರೂ ಆ ಹೆಸರಲ್ಲಿ ಪಟ್ಟಿ ಮಾರಲು ಬಂದರೆ ಕೊಳ್ಳಬೇಡಿ, ಅದನ್ನು ಹಚ್ಚಿಕೊಂಡು ಇನ್ಸುಲಿನ್ ತಗೊಳ್ಳುವುದನ್ನು ನಿಲ್ಲಿಸುವುದಂತೂ ಬೇಡವೇ ಬೇಡ.

ಸಂಶೋಧನೆ ಮಾತ್ರ ಹಳೆಯದು. 1979ರಲ್ಲಿ ಬ್ರೌನ್ಲೀ ಮತ್ತು ಸೆರಾಮಿ, ಒಂದು ಜಾತಿಯ ಅವರೆಯಿಂದ ತೆಗೆದ ಪ್ರೋಟೀನಿಗೆ ಇನ್ಸುಲಿನ್ ಕಟ್ಟಿಟ್ಟರು. ಗ್ಲೂಕೋಸ್ ಬಂದು ಆ ಜಾಗ ಹಿಡಿದರೆ ಇನ್ಸುಲಿನ್ ಬಿಡುಗಡೆ. ಆಮೇಲೆ ಅಮೆರಿಕದಲ್ಲಿ ಸಂಶೋಧಕ ಜೆನ್ ಗು ಅವರ ಗುಂಪು 2015ರಲ್ಲಿ ಇಲಿಗಳ ಮೇಲೆ, 2020ರಲ್ಲಿ ಸಣ್ಣ ಜಾತಿಯ ಹಂದಿಗಳ ಮೇಲೆ ಸೂಕ್ಷ್ಮ ಸೂಜಿಗಳ ಪಟ್ಟಿ ಪರೀಕ್ಷಿಸಿತು. ಎರಡನೆಯದರಲ್ಲಿ ಫೀನೈಲ್ ಬೋರಾನಿಕ್ ಆಮ್ಲವಿರುವ ಜೆಲ್ ಇದೆ. ಗ್ಲೂಕೋಸ್ ಅದಕ್ಕೆ ಅಂಟಿದಷ್ಟೂ ಜೆಲ್ಲಿನ ಆವೇಶ ಬದಲಾಗಿ ಊದುತ್ತದೆ, ಇನ್ಸುಲಿನ್ ಹೊರಬರುತ್ತದೆ. 2024ರಲ್ಲಿ ಇನ್ಸುಲಿನ್ ಅಣುವಿಗೇ ಸ್ವಿಚ್ಚು ಜೋಡಿಸಿದ ಕೆಲಸವೂ ನೇಚರ್ ಪತ್ರಿಕೆಯಲ್ಲಿ ಬಂತು.

ಕಷ್ಟ ಇರುವುದು ನಿಲ್ಲುವುದರಲ್ಲಿ. ಊಟವಾದ ಮೇಲೆ ಬೇಗ ತೆರೆಯಬೇಕು, ಸಕ್ಕರೆ ಇಳಿದಾಗ ಅಷ್ಟೇ ಬೇಗ ಮುಚ್ಚಬೇಕು. ಮುಚ್ಚಲು ಅರ್ಧ ತಾಸು ತಡವಾದರೂ ಮಲಗಿದ ಮನುಷ್ಯನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಿಪಿ ಗುಳಿಗೆಯಲ್ಲಿ ಇಷ್ಟು ಕರಾರುವಾಕ್ಕು ಬೇಕಿಲ್ಲ, ಇನ್ಸುಲಿನ್ನಿನಲ್ಲಿ ಬೇಕು.

ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟತೈತಿ. ಬಿಸಿಗೆ ಸ್ಪಂದಿಸೂ ವಸ್ತು ಪೆಟ್ಟಿಗ್ಯಾಗನ ಸ್ಪಂದಿಸಿದ್ರ?

ಬಹಳ ಒಳ್ಳೆಯ ಪ್ರಶ್ನೆ. ವಿಜಯಪುರದ ಒಬ್ಬ ಹುಡುಗಿ ಕೇಳಿದ್ದು. ಹೆಸರುವಾಸಿಯಾದ ಪಿನಿಪಾಮ್ ಜೆಲ್ ಸುಮಾರು 32 ಡಿಗ್ರಿಯ ಮೇಲೆ ಮುದುಡಿ ಒಳಗಿನ ನೀರನ್ನು ಹಿಂಡುತ್ತದೆ. ತಣ್ಣಗಿನ ದೇಶದಲ್ಲಿ ಕೋಣೆಗೂ ಮೈಗೂ ನಡುವೆ ಈ ಗೆರೆ ಚೆನ್ನಾಗಿ ಕೂರುತ್ತದೆ. ಇಂಡಿ, ಸಿಂದಗಿಯ ಮೇ ತಿಂಗಳಲ್ಲಿ ಕಪಾಟೇ ಮೈಗಿಂತ ಬಿಸಿ. ಆದ್ದರಿಂದ ಅಂಥ ಸಾಧನ ಒಣ ಸ್ಥಿತಿಯಲ್ಲಿ ಬರಬೇಕು ಅಥವಾ ತಣ್ಣಗೆ ಸಾಗಬೇಕು. ಬಿಸಿಯ ಬದಲು ನೀರಿಗೋ ಹುಳಿಗೋ ಸ್ಪಂದಿಸುವುದೇ ನಮ್ಮ ಕಡೆಗೆ ಹೆಚ್ಚು ನಂಬಿಕಸ್ತ ಎಂದು ನನ್ನ ಅಭಿಪ್ರಾಯ. ಇಂದಿನ ನಿಮ್ಮ ಎಸ್‌ಆರ್ ಗುಳಿಗೆಗಳಿಗೆ ತೊಂದರೆ ಕೊಡುವುದು ಹೆಚ್ಚಾಗಿ ಮಳೆಗಾಲದ ತೇವ. ಪಟ್ಟಿಯಿಂದ ಮೊದಲೇ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ.

ಬಿಸಿಯನ್ನೇ ಆಯುಧ ಮಾಡಿದ ಪ್ರಯತ್ನವೂ ಇದೆ. 40 ಡಿಗ್ರಿ ದಾಟಿದರೆ ಒಡೆಯುವ ಲೈಪೋಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಯಲ್ಲಿ ಕ್ಯಾನ್ಸರಿನ ಔಷಧ ಡಾಕ್ಸೊರುಬಿಸಿನ್ ತುಂಬಿ, ಗಡ್ಡೆಯನ್ನು ಕಾಯಿಸುವುದು. ಯಕೃತ್ತಿನ ಕ್ಯಾನ್ಸರಿನ ದೊಡ್ಡ ಪರೀಕ್ಷೆ 2013ರಲ್ಲಿ ಗುರಿ ಮುಟ್ಟಲಿಲ್ಲ.

ಅಪ್ಪಾಜಿಗೆ ಕೀಮೋ ಬಾಟಲಿ ಕೊರಳಿಗೆ ಹಾಕಿ ಮನೆಗೆ ಕಳಿಸಿದ್ದಾರೆ. ಮಷೀನೇ ಇಲ್ಲ, ಔಷಧ ಹೋಗ್ತಾ ಇದೆಯೋ ಇಲ್ಲವೋ?

ಹೋಗುತ್ತಿದೆ. ಬಾಟಲಿಯೊಳಗೆ ಹಿಗ್ಗಿದ ರಬ್ಬರಿನ ಬಲೂನಿದೆ, ಅದು ಕುಗ್ಗುತ್ತ ಔಷಧವನ್ನು ದೂಡುತ್ತದೆ. ನಳಿಕೆಯಲ್ಲಿರುವ ಕೂದಲಿನಂಥ ಕಿರಿದಾದ ದಾರಿ ವೇಗವನ್ನು ಹಿಡಿದಿಡುತ್ತದೆ. ಕರುಳಿನ ಕ್ಯಾನ್ಸರಿನ ಫ್ಲೋರೊಯುರಾಸಿಲ್ ಔಷಧವನ್ನು ಸಾಮಾನ್ಯವಾಗಿ 46 ತಾಸು ಹೀಗೆ ಬಿಡುತ್ತಾರೆ. ತಾಸಿಗೊಮ್ಮೆ ನೋಡಿದರೆ ವ್ಯತ್ಯಾಸ ಕಾಣದು. ಬೆಳಗ್ಗೆ, ಸಂಜೆ ಹೋಲಿಸಿದರೆ ಬಲೂನು ಸಣ್ಣದಾದದ್ದು ಕಾಣುತ್ತದೆ.

ಬಿಸಿ ಹೆಚ್ಚಾದರೆ ಔಷಧ ತೆಳುವಾಗಿ ಬೇಗ ಹರಿಯುತ್ತದೆ, ಒಂದು ಡಿಗ್ರಿಗೆ ಶೇಕಡಾ 2ರಿಂದ 3ರಷ್ಟು. ಹತ್ತು ಡಿಗ್ರಿ ಏರಿದರೆ ಹರಿವು ಕಾಲು ಭಾಗದಷ್ಟು ಹೆಚ್ಚಬಹುದು. ಆದ್ದರಿಂದ ಅಂಗಳದ ಬಿಸಿಲಲ್ಲಿ ಕೂರಿಸಬೇಡಿ, ಒಲೆಯ ಹತ್ತಿರ ಬೇಡ, ಬಾಟಲಿಯನ್ನು ಫ್ರಿಜ್ಜಿಗೂ ಇಡಬೇಡಿ. ನಳಿಕೆಯ ತುಂಡೊಂದನ್ನು ಚರ್ಮಕ್ಕೆ ಪಟ್ಟಿ ಹಾಕಿ ಅಂಟಿಸಿದ್ದರೆ ಬಿಚ್ಚಬೇಡಿ, ಮೈಯ ಶಾಖದಲ್ಲಿ ಹರಿವು ಸಮ ಇರಲೆಂದೇ ಹಾಗೆ ಮಾಡಿರುತ್ತಾರೆ. ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಖಾಲಿಯಾದರೆ ಅಥವಾ ಬಲೂನು ಕುಗ್ಗದೇ ಇದ್ದರೆ ಆಸ್ಪತ್ರೆಗೆ ಆಗಲೇ ಫೋನ್ ಮಾಡಿ. ಔಷಧ ಸೋರಿದರೆ ಬರಿಗೈಯಿಂದ ಮುಟ್ಟಬೇಡಿ.

## ಓದುವ ಮಕ್ಕಳಿಗೆ

ಜೆಲ್ ಸ್ಪಂದಿಸೋಕೆ ಇಷ್ಟು ತಡ ಯಾಕೆ? ಬೇಗ ಮಾಡೋಕೆ ಆಗಲ್ವಾ?

ಗಾತ್ರ ಇಳಿಸಿದರೆ ಆಗುತ್ತದೆ. ಇಡೀ ಕಡಲೆ ನೆನೆಯಲು ರಾತ್ರಿಯೆಲ್ಲ ಬೇಕು, ರವೆಗೆ ಕೆಲ ನಿಮಿಷ ಸಾಕು. ಜೆಲ್ ಊದುವ ಹೊತ್ತು ಅದರ ಗಾತ್ರದ ವರ್ಗದಂತೆ ಬದಲಾಗುತ್ತದೆ ಎಂದು ತನಾಕ ಮತ್ತು ಫಿಲ್ಮೋರ್ 1979ರಲ್ಲಿ ತೋರಿಸಿದರು. ಮಣಿಯನ್ನು ಹತ್ತು ಪಟ್ಟು ಸಣ್ಣದು ಮಾಡಿದರೆ ನೂರು ಪಟ್ಟು ಬೇಗ. ಇದೇ ತೊಯೊಯಿಚಿ ತನಾಕ ಹಿಂದಿನ ವರ್ಷ, ಸುತ್ತಲಿನ ಸ್ಥಿತಿ ತುಸು ಬದಲಾದರೂ ಜೆಲ್ ಒಮ್ಮೆಲೇ ಕುಸಿಯಬಹುದೆಂದು ಬರೆದಿದ್ದರು. ನಮ್ಮ ಪಕ್ಕದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ರಘುನಾಥ ಮಾಶೇಲ್ಕರ್ ಅವರ ಗುಂಪೂ ಇಂಥ ಜೆಲ್‌ಗಳ ಮೇಲೆ ಕೆಲಸ ಮಾಡಿದೆ.

ಹಾಗಾದರೆ ಎಲೆಕ್ಟ್ರಾನಿಕ್ಸ್ ಬೇಡವೇ ಬೇಡ ಅಂತೀರಾ?

ಇಲ್ಲ. ಡೋಸ್ ದಿನದಿನಕ್ಕೆ ಬದಲಾಗಬೇಕು, ಬೇಕೆಂದಾಗ ನಿಲ್ಲಬೇಕು, ಎಷ್ಟು ಹೋಯಿತೆಂಬ ಲೆಕ್ಕ ಉಳಿಯಬೇಕು ಎಂದರೆ ಎಲೆಕ್ಟ್ರಾನಿಕ್ ಚಿಪ್ಪೇ ಬೇಕು. 2012ರಲ್ಲಿ ಡೆನ್ಮಾರ್ಕಿನಲ್ಲಿ ಮೂಳೆ ಸವೆತದ ಮಹಿಳೆಯರ ಚರ್ಮದಡಿ ಎಲೆಕ್ಟ್ರಾನಿಕ್ ಚಿಪ್ ಇಟ್ಟು, ರೇಡಿಯೋ ಸಂಕೇತದಿಂದ ದಿನದ ಡೋಸ್ ಬಿಟ್ಟ ಪರೀಕ್ಷೆಯ ವರದಿ ಬಂತು. ವಸ್ತು ತನಗೆ ಕಲಿಸಿದ ಒಂದೇ ಪಾಠವನ್ನು ಒಪ್ಪಿಸುತ್ತದೆ, ಆಮೇಲೆ ತಿದ್ದಲಾಗದು. ಆದರೆ ಆ ಒಂದು ಪಾಠ ಸಾಕಾಗುವ ರೋಗಿಗಳೇ ನನ್ನ ಕೌಂಟರಿಗೆ ಹೆಚ್ಚು ಬರುತ್ತಾರೆ. ಲಕ್ಷಗಟ್ಟಲೆ ಬೆಲೆಯ ಪಂಪನ್ನು ಅವರು ಕೊಳ್ಳಲಾರರು, ದಿನಕ್ಕೊಂದು ಗುಳಿಗೆಯನ್ನು ಕೊಳ್ಳಬಲ್ಲರು.

ಬಿ.ಫಾರ್ಮ್ ಕೊನೆ ವರ್ಷ. ಕಡಿಮೆ ಖರ್ಚಿನಲ್ಲಿ ಯಾವ ಪ್ರಾಜೆಕ್ಟ್ ಮಾಡಲಿ ಮೇಡಂ?

ಆಲ್ಜಿನೇಟ್ ಮಣಿ ಮಾಡು. ಕಡಲ ಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟನ್ನು ಶೇಕಡಾ 2ರ ದ್ರಾವಣ ಮಾಡಿ, ಡೈಕ್ಲೋಫೆನಾಕ್ ಕಲಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡಿನೊಳಗೆ ಹನಿ ಹನಿಯಾಗಿ ಬಿಡು. ಬೂಂದಿ ಬಿಟ್ಟ ಹಾಗೆ ದುಂಡಗೆ ಕೂರುತ್ತವೆ. ಆಮೇಲೆ ಡಿಸಲ್ಯೂಷನ್ ಪಾತ್ರೆಯಲ್ಲಿ 900 ಮಿಲಿ, 37 ಡಿಗ್ರಿ, ಮೊದಲ ಎರಡು ತಾಸು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, ಮುಂದೆ ಪಿಎಚ್ 6.8ರ ಫಾಸ್ಫೇಟ್ ಬಫರ್. ಆಮ್ಲದಲ್ಲಿ ಮಣಿ ಬಿಗಿಯಾಗಿಯೇ ಇರುತ್ತದೆ. ಬಫರಿನಲ್ಲಿ ಫಾಸ್ಫೇಟು ಕ್ಯಾಲ್ಸಿಯಮ್ಮನ್ನು ಕಿತ್ತುಕೊಳ್ಳುವುದರಿಂದ ಊದಿ ಒಡೆಯುತ್ತದೆ. ಒಂದು ಗುಂಪಿಗೆ ಚವಳಿಕಾಯಿ ಗೋಂದು ಸೇರಿಸಿ ಹೋಲಿಸು.

ಒಂದು ಕಡೆ ಎಲ್ಲರೂ ತಪ್ಪುತ್ತಾರೆ. ಡೈಕ್ಲೋಫೆನಾಕ್ ಆಮ್ಲದಲ್ಲಿ ತಾನೇ ಸರಿಯಾಗಿ ಕರಗುವುದಿಲ್ಲ. ಮೊದಲ ಎರಡು ತಾಸು ಔಷಧ ಬರಲಿಲ್ಲವೆಂದರೆ ಮಣಿ ತಡೆಯಿತೋ, ಔಷಧವೇ ಕರಗಲಿಲ್ಲವೋ ಹೇಳಲಾಗದು. ಮಣಿ ಮಾಡದ ಬರೀ ಪುಡಿಯನ್ನೂ ಅದೇ ಪಾತ್ರೆಯಲ್ಲಿ ನಡೆಸಿ ಎರಡು ಗೆರೆಗಳನ್ನೂ ಒಂದೇ ಗ್ರಾಫಿನಲ್ಲಿ ಹಾಕು. ಮಣಿಗಳನ್ನು ಬಿಸಿಲಿಗೆ ಹರವಬೇಡ, ಮೇಲೆ ಬಿರುಕು ಬಿಡುತ್ತವೆ. ಟಿಕೋಟಾದವರು ದ್ರಾಕ್ಷಿ ಒಣಗಿಸುವ ಹಾಗೆ ನೆರಳಲ್ಲಿ, ಗಾಳಿ ಆಡುವ ಜಾಗದಲ್ಲಿ ಒಣಗಿಸು.